ಒಂದು ಋತುವಿನ ತಂಡ

ಹಳಗನ್ನಡದ ‘ಕಳ’ ಎಂಬ ಪದಕ್ಕೆ ಯುದ್ಧಭೂಮಿ ಎಂಬ ಅರ್ಥವಿದೆ. ತೆನೆ ಒಕ್ಕುವ ನೆಲ ಎಂಬ ಅರ್ಥವೂ ಇದೆ. ಅದಕ್ಕೆ ಹತ್ತಿರದ ‘ಕಣ’ ಎಂಬ ಮಾತನ್ನು ನಾವು ಇಂದು ಕುಸ್ತಿಗೂ ಚುನಾವಣೆಗೂ ಬಳಸುತ್ತೇವೆ. ಯುದ್ಧ, ಆಟ, ಬೆಳೆ ಈ ಮೂರನ್ನೂ ಒಂದೇ ನೆಲದ ಮೇಲೆ ನಿಲ್ಲಿಸುವ ಈ ಪದಗಳನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತಿತ್ತು. ನಿಜವಾದ ಯುದ್ಧ ನಡೆಯುತ್ತಿರುವಾಗ, ಅದಕ್ಕೆ ಹೊರಡಲಿರುವವರೇ ಆಡುವ ಆಟದ ಸ್ವರೂಪ ಎಂಥದ್ದು? ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದಲ್ಲಿ, ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರದ ತಂಡ ಆಡಿದ 1943ರ ಫುಟ್‌ಬಾಲ್ ಋತುವಿನ ವೃತ್ತಾಂತವನ್ನು ಓದಿದಾಗ ಆ ಪ್ರಶ್ನೆಗೆ ಒಂದು ಆಕಾರ ದೊರೆಯಿತು.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಲ್ಲ. ಎರಡೂ ತುದಿ ಚೂಪಾದ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ, ಹಿಡಿದವನನ್ನು ಎದುರಾಳಿಗಳು ನೆಲಕ್ಕೆ ಕೆಡಹುವ ಆಟ ಅದು. ನೂರು ಗಜದ ಮೈದಾನ, ಪಕ್ಷಕ್ಕೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುನ್ನಡೆಯದಿದ್ದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಗಡಿಯಾಚೆಗೆ ಚೆಂಡನ್ನು ಮುಟ್ಟಿಸಿದರೆ ಆರು ಅಂಕ. ಅನಂತರದ ಒದೆತ ಗುರಿ ಸೇರಿದರೆ ಮತ್ತೊಂದು. ನೆಲವನ್ನು ಗಜಗಜವಾಗಿ ಗೆಲ್ಲುವ, ಗೆದ್ದುದನ್ನು ಕಾಯ್ದುಕೊಳ್ಳುವ ಈ ಆಟದಲ್ಲಿ ಯುದ್ಧದ ಛಾಯೆ ಸಹಜವಾಗಿಯೇ ಇದೆ.

ಗ್ರೇಟ್ ಲೇಕ್ಸ್ ಕೇಂದ್ರವು ಶಿಕಾಗೋ ನಗರದ ಉತ್ತರಕ್ಕೆ, ಮಿಶಿಗನ್ ಸರೋವರದ ದಡದಲ್ಲಿದೆ. ಸಮುದ್ರದಿಂದ ಬಹುದೂರದ ಒಳನಾಡಿನಲ್ಲಿ 1911ರಲ್ಲಿ ಆರಂಭವಾದ ಈ ಕೇಂದ್ರದಲ್ಲಿ ಎರಡನೆಯ ಮಹಾಯುದ್ಧದ ಅವಧಿಯಲ್ಲಿ ತರಬೇತಾದ ನಾವಿಕರ ಸಂಖ್ಯೆ ಹತ್ತು ಲಕ್ಷದ ಹತ್ತಿರ. ಸಮುದ್ರವನ್ನೇ ಕಾಣದ ರೈತರ, ಕಾರ್ಮಿಕರ ಮಕ್ಕಳು ಇಲ್ಲಿಗೆ ಬಂದು, ಕೆಲವು ವಾರಗಳಲ್ಲಿ ನಾವಿಕರಾಗಿ, ಅಟ್ಲಾಂಟಿಕ್‌ಗೋ ಪೆಸಿಫಿಕ್‌ಗೋ ಹೊರಟುಹೋಗುತ್ತಿದ್ದರು. ಐಯೋವಾ ಸಂಸ್ಥಾನದ ಸಲಿವನ್ ಮನೆತನದ ಐವರು ಸಹೋದರರು 1942ರಲ್ಲಿ ಇಲ್ಲಿಯೇ ತರಬೇತಿ ಪಡೆದರು. ಅದೇ ವರ್ಷದ ನವೆಂಬರಿನಲ್ಲಿ ‘ಜೂನೋ’ ಎಂಬ ಯುದ್ಧನೌಕೆ ಮುಳುಗಿದಾಗ ಆ ಐವರಲ್ಲಿ ಒಬ್ಬನೂ ಉಳಿಯಲಿಲ್ಲ. ನಾನು ಹೇಳಹೊರಟ ಋತು ಆರಂಭವಾದದ್ದು ಇದಾದ ಮರುವರ್ಷ. ಆಟ ನಡೆಯುತ್ತಿದ್ದ ನೆಲದ ಹಿನ್ನೆಲೆ ಇದು.

ಯುದ್ಧಕಾಲದಲ್ಲಿ ಆಟವೇಕೆ ಎಂಬ ಪ್ರಶ್ನೆಗೆ ಅಮೆರಿಕದ ಸೇನೆಯೂ ನೌಕಾದಳವೂ ಬೇರೆಬೇರೆ ಉತ್ತರ ಕೊಟ್ಟವು. ಕಾಲೇಜುಗಳಲ್ಲಿ ತನ್ನ ವೆಚ್ಚದಲ್ಲಿ ಓದುತ್ತಿದ್ದ ಯುವಕರು ಅಂತರಕಾಲೇಜು ಪಂದ್ಯಗಳಲ್ಲಿ ಆಡಕೂಡದೆಂದು ಭೂಸೇನೆ ವಿಧಿಸಿತು. ನೌಕಾದಳ ಮಾತ್ರ ತನ್ನ ‘ವಿ-12’ ಎಂಬ ಅಧಿಕಾರಿ ತರಬೇತಿ ಯೋಜನೆಯ ವಿದ್ಯಾರ್ಥಿಗಳಿಗೆ ಆಡಲು ಅನುಮತಿ ನೀಡಿತು. ಪೆಟ್ಟನ್ನು ತಡೆದುಕೊಳ್ಳುವುದು, ಕ್ಷಣಾರ್ಧದಲ್ಲಿ ನಿರ್ಧರಿಸುವುದು, ಜೊತೆಯವನನ್ನು ನಂಬುವುದು, ಇವನ್ನು ಫುಟ್‌ಬಾಲ್ ಕಲಿಸುತ್ತದೆ ಎಂಬುದು ಅದರ ನಂಬಿಕೆ. ಪರಿಣಾಮವಾಗಿ ಅನೇಕ ಕಾಲೇಜುಗಳು ಆಟಗಾರರಿಲ್ಲದೆ ತಂಡಗಳನ್ನು ವಿಸರ್ಜಿಸಿದರೆ, ನೌಕಾದಳದ ಯೋಜನೆಯಿದ್ದ ಕಾಲೇಜುಗಳು ಬಲಗೊಂಡವು. ತರಬೇತಿ ಕೇಂದ್ರಗಳು ತಾವೇ ತಂಡಗಳನ್ನು ಕಟ್ಟಿ ಕಾಲೇಜುಗಳೆದುರು ಕಣಕ್ಕಿಳಿದವು. ಹೀಗೆ ನಿನ್ನೆಯವರೆಗೆ ಹಣಕ್ಕಾಗಿ ಆಡುತ್ತಿದ್ದ ವೃತ್ತಿಪರನೂ ಹದಿನೆಂಟರ ವಿದ್ಯಾರ್ಥಿಯೂ ಒಂದೇ ಸಮವಸ್ತ್ರದಲ್ಲಿ ಒಂದೇ ಸಾಲಿನಲ್ಲಿ ನಿಂತರು.

ಶಾಸನಗಳನ್ನು ಓದಿದವರಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಮೊದಲು ಕಣ್ಣು ಹೋಗುವುದು ಹೆಸರುಗಳತ್ತ. ಯಾರು, ಯಾವ ಊರಿನವನು, ಯಾರ ಪರವಾಗಿ ಕಾದಿದನು, ಏನಾದನು. ವೀರಗಲ್ಲಿನಲ್ಲಿ ಅರಸನ ಬಿರುದಾವಳಿ ಎಷ್ಟೇ ದೀರ್ಘವಾಗಿರಲಿ, ಕಲ್ಲು ನಿಂತಿರುವುದು ಕೊನೆಯ ಸಾಲುಗಳಲ್ಲಿ ಬರುವ ಒಬ್ಬ ಸಾಮಾನ್ಯನಿಗಾಗಿ. ಕಾಲೇಜಿನ ಹಾಜರಿ ಪುಸ್ತಕವನ್ನೂ ನಾನು ಹಾಗೆಯೇ ಓದುತ್ತೇನೆ. ಪ್ರತಿವರ್ಷ ಪದವಿ ತರಗತಿಯ ನಡುವೆ ಒಂದೆರಡು ಹೆಸರುಗಳ ಮುಂದೆ ಕೆಂಪು ಗೆರೆ ಬೀಳುತ್ತದೆ; ಹುಡುಗ ಸೇನೆಗೆ ಆಯ್ಕೆಯಾಗಿ ಹೋಗಿರುತ್ತಾನೆ. ಅವನು ಸಾಮಾನ್ಯವಾಗಿ ಕಬಡ್ಡಿ ತಂಡದವನೇ ಆಗಿರುತ್ತಾನೆ. ಸಂತೋಷದ ಸುದ್ದಿಯೆಂದು ಎಲ್ಲರೂ ಸಿಹಿ ಹಂಚಿಕೊಂಡರೂ ಆ ಗೆರೆಯನ್ನು ಎಳೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಆದ್ದರಿಂದಲೇ 1943ರ ಈ ಋತುವಿನಲ್ಲಿ ನನ್ನನ್ನು ಹಿಡಿದದ್ದು ಅಂಕಗಳಿಗಿಂತ ಹೆಚ್ಚಾಗಿ ಹೆಸರುಗಳು.

ಆ ವರ್ಷ ದೇಶದ ಅಗ್ರ ತಂಡ ಇಂಡಿಯಾನಾದ ನೋಟರ್ ಡೇಮ್ ವಿಶ್ವವಿದ್ಯಾಲಯದ್ದು. ಅದರ ಶಿಕ್ಷಕ ಫ್ರಾಂಕ್ ಲೇಹಿ. ಚೆಂಡೆಸೆತದಲ್ಲಿ ನಿಪುಣನಾದ ಆಂಜೆಲೊ ಬರ್ಟೆಲಿ ಅದರ ನಾಯಕಮಣಿ. ಆದರೆ ಆರು ಪಂದ್ಯಗಳಾಗುತ್ತಿದ್ದಂತೆ ಬರ್ಟೆಲಿಗೆ ನೌಕಾಪದಾತಿದಳದ ಕರೆ ಬಂತು. ಅವರು ದಕ್ಷಿಣ ಕೆರೊಲಿನಾದ ಪ್ಯಾರಿಸ್ ಐಲೆಂಡ್ ಶಿಬಿರಕ್ಕೆ ಹೊರಟರು; ಅವರ ಸ್ಥಾನಕ್ಕೆ ಜಾನಿ ಲುಜಾಕ್ ಬಂದರು. ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿ ಬರ್ಟೆಲಿಗೇ ದೊರೆಯಿತು. ಅಷ್ಟರಲ್ಲಿ ಅವರು ಮೈದಾನದಿಂದ ದೂರ, ಸೈನಿಕ ಕವಾಯತಿನಲ್ಲಿದ್ದರು.

ನವೆಂಬರ್ 20ರಂದು ನೋಟರ್ ಡೇಮ್, ಮತ್ತೊಂದು ನೌಕಾ ತರಬೇತಿ ಕೇಂದ್ರವಾದ ಐಯೋವಾ ಪ್ರೀ-ಫ್ಲೈಟ್ ತಂಡವನ್ನು 14-13ರಿಂದ, ಒಂದೇ ಅಂಕದ ಅಂತರದಲ್ಲಿ ಸೋಲಿಸಿತು. ವಾರದ ಬಳಿಕ, ನವೆಂಬರ್ 27ರಂದು, ಸೋಲನ್ನೇ ಕಾಣದ ಆ ತಂಡ ಋತುವಿನ ಕೊನೆಯ ಪಂದ್ಯಕ್ಕಾಗಿ ಗ್ರೇಟ್ ಲೇಕ್ಸ್‌ಗೆ ಬಂದಿತು. ಆತಿಥೇಯರ ಶಿಕ್ಷಕರು ಟೋನಿ ಹಿಂಕಲ್. ಬಟ್ಲರ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಶಿಕ್ಷಕರೆಂದು ಹೆಸರಾಗಿದ್ದವರು. ಪಂದ್ಯದ ಕೊನೆಯ ನಿಮಿಷಗಳಲ್ಲಿ ನೋಟರ್ ಡೇಮ್ ದೀರ್ಘವಾಗಿ ಮುನ್ನುಗ್ಗಿ 14-12ರ ಮುನ್ನಡೆ ಪಡೆಯಿತು. ಉಳಿದ ಕಾಲ ಸುಮಾರು ಒಂದು ನಿಮಿಷ. ಆಗ ಗ್ರೇಟ್ ಲೇಕ್ಸ್‌ನ ಸ್ಟೀವ್ ಲ್ಯಾಕ್ ಎಸೆದ ಚೆಂಡನ್ನು ಪಾಲ್ ಆ್ಯಂಡರ್ಸನ್ ಹಿಡಿದು ಗಡಿ ದಾಟಿಸಿದರು. 46 ಗಜಗಳ ಆ ಒಂದು ಎಸೆತದಿಂದ ಪಂದ್ಯ 19-14ಕ್ಕೆ ತಿರುಗಿತು.

ಇಷ್ಟಾದರೂ ಪತ್ರಕರ್ತರ ಮತಗಣನೆಯಲ್ಲಿ ನೋಟರ್ ಡೇಮ್ ಪ್ರಥಮ ಸ್ಥಾನದಲ್ಲಿಯೇ ಉಳಿಯಿತು. ಐಯೋವಾ ಪ್ರೀ-ಫ್ಲೈಟ್‌ಗೆ ಎರಡನೆಯ ಸ್ಥಾನ; ಹನ್ನೆರಡು ಪಂದ್ಯಗಳಲ್ಲಿ ಹತ್ತನ್ನು ಗೆದ್ದ ಗ್ರೇಟ್ ಲೇಕ್ಸ್‌ಗೆ ಆರನೆಯದು. ಗೆದ್ದವನಿಗೆ ಪಟ್ಟವಿಲ್ಲ ಎಂಬುದು ಅನ್ಯಾಯವೆನಿಸಬಹುದು. ಆದರೆ ಪಟ್ಟ ಕಟ್ಟಿದ್ದರೆ ಯಾರಿಗೆ ಕಟ್ಟಬೇಕಿತ್ತು? ಮರುವರ್ಷ ಆ ಹೆಸರಿನ ತಂಡವಿತ್ತು, ಆ ತಂಡವಿರಲಿಲ್ಲ. ಲ್ಯಾಕ್ ಮೊದಲು ಡ್ಯೂಕ್ ವಿಶ್ವವಿದ್ಯಾಲಯದವರು, ಅನಂತರ ಶಿಕಾಗೋ ಕಾರ್ಡಿನಲ್ಸ್ ವೃತ್ತಿತಂಡದವರು. ಅಂದು ಗ್ರೇಟ್ ಲೇಕ್ಸ್ ಪರವಾಗಿ ಓಡಿದ ಎಮಿಲ್ ಸಿಟ್ಕೊ ಹಿಂದಿನ ವರ್ಷ ನೋಟರ್ ಡೇಮ್‌ನ ವಿದ್ಯಾರ್ಥಿಯೇ ಆಗಿದ್ದವರು. ಯುದ್ಧ ಮುಗಿದ ಮೇಲೆ ಅಲ್ಲಿಗೇ ಮರಳಿ, 1946ರಿಂದ 1949ರವರೆಗೆ ಒಂದೂ ಪಂದ್ಯ ಸೋಲದ ತಂಡದಲ್ಲಿ ಆಡಿದರು. ಪಕ್ಷ ಯಾವುದು, ಪ್ರತಿಪಕ್ಷ ಯಾವುದು ಎಂಬುದನ್ನು ಅವರಿಗೆ ನಿರ್ಧರಿಸಿಕೊಟ್ಟದ್ದು ಯುದ್ಧ.

ಗ್ರೇಟ್ ಲೇಕ್ಸ್ ಆ ಋತುವಿನಲ್ಲಿ ಸೋತ ಎರಡು ಪಂದ್ಯಗಳಲ್ಲಿ ಒಂದು ಪರ್ಡ್ಯೂ ವಿಶ್ವವಿದ್ಯಾಲಯದೆದುರು. ಆ ತಂಡದ ಟೋನಿ ಬಟ್ಕೊವಿಚ್ ಇಲಿನಾಯ್ ವಿಶ್ವವಿದ್ಯಾಲಯದವರು. ವಿ-12 ಯೋಜನೆ ಅವರನ್ನು ಪರ್ಡ್ಯೂಗೆ ತಂದಿತ್ತು. ಆ ವರ್ಷ ಅವರನ್ನು ತಡೆಯಬಲ್ಲವರು ವಿರಳ. ಪರ್ಡ್ಯೂ ಅಜೇಯವಾಗಿಯೇ ಋತುವನ್ನು ಮುಗಿಸಿತು. ಆದರೆ ಅದು ಮುಗಿಯುವ ಮೊದಲೇ ಬಟ್ಕೊವಿಚ್‌ಗೆ ಕರೆ ಬಂದಿತ್ತು. ಕ್ಲೀವ್‌ಲ್ಯಾಂಡ್ ರ್‍ಯಾಮ್ಸ್ ವೃತ್ತಿತಂಡ 1944ರಲ್ಲಿ ಮೊದಲ ಸುತ್ತಿನಲ್ಲಿಯೇ ಅವರನ್ನು ಆರಿಸಿಕೊಂಡಿತು. ಆ ತಂಡಕ್ಕೆ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. 1945ರ ಏಪ್ರಿಲ್‌ನಲ್ಲಿ ಓಕಿನಾವಾ ದ್ವೀಪದ ಕದನದಲ್ಲಿ ಮಡಿದರು. ಬರ್ಟೆಲಿ ಇವೊ ಜಿಮಾದಲ್ಲಿ ಕಾದಿಯೂ ಬದುಕಿ ಬಂದರು, ಬಟ್ಕೊವಿಚ್ ಬರಲಿಲ್ಲ.

ಹೆಸರುಗಳನ್ನು ಓದುವವನಿಗೆ ಪಟ್ಟಿಯಲ್ಲಿ ಕಾಣದ ಹೆಸರುಗಳೂ ಮುಖ್ಯ. ಗ್ರೇಟ್ ಲೇಕ್ಸ್‌ಗೆ ಬಂದ ಕಪ್ಪುಜನಾಂಗದ ಯುವಕರನ್ನು 1942ರಿಂದ ‘ಕ್ಯಾಂಪ್ ರಾಬರ್ಟ್ ಸ್ಮಾಲ್ಸ್’ ಎಂಬ ಪ್ರತ್ಯೇಕ ಶಿಬಿರದಲ್ಲಿ ಇರಿಸಿ ತರಬೇತಿ ಕೊಡಲಾಗುತ್ತಿತ್ತು. ರಾಬರ್ಟ್ ಸ್ಮಾಲ್ಸ್ ಗುಲಾಮನಾಗಿ ಹುಟ್ಟಿ, 1862ರಲ್ಲಿ ಒಡೆಯರ ಹಡಗನ್ನೇ ವಶಪಡಿಸಿಕೊಂಡು, ಕುಟುಂಬದೊಡನೆ ಸ್ವಾತಂತ್ರ್ಯದತ್ತ ನಡೆಸಿಕೊಂಡು ಹೋದ ಧೀರ. ಅವನ ಹೆಸರನ್ನೇ ಬೇಲಿಯೊಂದಕ್ಕೆ ಇಟ್ಟದ್ದು ಕಾಲದ ವಿಪರ್ಯಾಸ. ಆದರೂ ಆ ಬೇಲಿ ಸಡಿಲಗೊಂಡದ್ದೂ ಈ ನೆಲದಲ್ಲಿಯೇ. ಮುಂದೆ ‘ಗೋಲ್ಡನ್ ಥರ್ಟೀನ್’ ಎಂದು ಪ್ರಸಿದ್ಧರಾದ, ನೌಕಾದಳದ ಮೊದಲ ಕಪ್ಪು ಅಧಿಕಾರಿಗಳ ಗುಂಪು 1944ರಲ್ಲಿ ಇಲ್ಲಿ ಸಿದ್ಧವಾಯಿತು. 1945ರ ಡಿಸೆಂಬರಿನಲ್ಲಿ, ಯುದ್ಧ ಮುಗಿದ ಬಳಿಕ, ಪಾಲ್ ಬ್ರೌನ್ ಶಿಕ್ಷಕರಾಗಿದ್ದ ಗ್ರೇಟ್ ಲೇಕ್ಸ್ ತಂಡ ನೋಟರ್ ಡೇಮ್ ತಂಡವನ್ನು 39-7ರಿಂದ ಸೋಲಿಸಿದಾಗ, ಅದರಲ್ಲಿ ಮೇರಿಯನ್ ಮಾಟ್ಲಿ ಎಂಬ ಕಪ್ಪು ಆಟಗಾರರಿದ್ದರು. ಮರುವರ್ಷ ಬ್ರೌನ್ ಅವರನ್ನು ತಮ್ಮ ಹೊಸ ವೃತ್ತಿತಂಡಕ್ಕೆ ಕರೆದುಕೊಂಡರು. ವೃತ್ತಿಪರ ಫುಟ್‌ಬಾಲ್‌ನಲ್ಲಿ ಹತ್ತಾರು ವರ್ಷಗಳಿಂದ ಮುಚ್ಚಿದ್ದ ಬಾಗಿಲನ್ನು 1946ರಲ್ಲಿ ತೆರೆದ ನಾಲ್ವರಲ್ಲಿ ಮಾಟ್ಲಿ ಒಬ್ಬರು.

ಆಟ ಯುದ್ಧಕ್ಕೆ ಸಿದ್ಧಗೊಳಿಸುತ್ತದೆ ಎಂಬ ನೌಕಾದಳದ ನಂಬಿಕೆ ಎಷ್ಟು ಸರಿಯೆಂದು ತೀರ್ಮಾನಿಸಲು ನಾನು ಯೋಧನೂ ಅಲ್ಲ, ಕ್ರೀಡಾಪಟುವೂ ಅಲ್ಲ. ಓಕಿನಾವಾದ ಗುಂಡಿಗೆ ಅವನು ಎಷ್ಟು ಗಜ ಓಡಬಲ್ಲ ಎಂಬುದು ಗೊತ್ತಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ನನಗೆ ಮುಖ್ಯವೆನಿಸುವುದು ಬೇರೆ. ಮುಂದಿನ ಋತುವಿನ ಭರವಸೆಯಿಲ್ಲದ, ಕೆಲವು ತಿಂಗಳ ಹಿಂದೆ ಪರಸ್ಪರ ಪರಿಚಯವೂ ಇಲ್ಲದ ಯುವಕರು, ವರ್ಗಾವಣೆಯ ಆದೇಶ ಯಾವ ಬೆಳಿಗ್ಗೆ ಬಂದೀತೆಂದು ತಿಳಿಯದೆಯೂ, ಕೊನೆಯ ನಿಮಿಷದಲ್ಲಿ 46 ಗಜ ದೂರದ ಜೊತೆಗಾರನನ್ನು ನಂಬಿ ಚೆಂಡೆಸೆದರು. ಅವನು ಅಲ್ಲಿದ್ದನು, ಹಿಡಿದನು. ಕಳದಲ್ಲಿ ಒಕ್ಕಿದ ಮೇಲೆ ಕಾಳು ಎತ್ತಲೋ, ಹೊಟ್ಟು ಎತ್ತಲೋ ಹೋಗುತ್ತದೆ. ಆ ಮಧ್ಯಾಹ್ನ ಮಾತ್ರ ಅವರೆಲ್ಲ ಒಂದೇ ನೆಲದ ಮೇಲಿದ್ದರು. ಅಂಕಪಟ್ಟಿಯಲ್ಲಿ ಉಳಿದಿರುವುದು 19 ಮತ್ತು 14 ಎಂಬ ಎರಡು ಸಂಖ್ಯೆಗಳು. ಓದಬೇಕಾದದ್ದು ಅವುಗಳ ಕೆಳಗಿನ ಹೆಸರುಗಳನ್ನು.