ಮೇಜಿನ ಮೇಲಣ ಹಡಗು

ನಮ್ಮ ಮನೆಯ ಹಜಾರದಲ್ಲಿ ಮೂರು ವರ್ಷಗಳಿಂದ ಒಂದು ಹಡಗು ನಿಂತಿದೆ. ಅದಕ್ಕಿನ್ನೂ ಕೂವೆಮರಗಳಿಲ್ಲ, ಹಾಯಿಗಳಿಲ್ಲ, ಹಗ್ಗಗಳಿಲ್ಲ. ಮನೆಗೆ ಬಂದವರು ಅದನ್ನೊಮ್ಮೆ, ನಮ್ಮ ನರೆತ ತಲೆಯನ್ನೊಮ್ಮೆ ನೋಡಿ, “ಮೊಮ್ಮಕ್ಕಳಿಗಾಗಿಯೋ?” ಎಂದು ಕೇಳುವರು. ನಮಗಾಗಿಯೇ ಎಂದು ಒಪ್ಪಿಕೊಳ್ಳಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಅದು ಉಳಿದಿಲ್ಲ. ನಾಚಬೇಕಾದ ಸಂಗತಿ ಬೇರೊಂದುಂಟು. ಅದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಹಡಗಿನ ಹೆಸರು ‘ಟ್ರಿಂಕೋಮಲಿ’. ಹೆಸರು ಸಿಂಹಳದ ಬಂದರಿನದು, ಹುಟ್ಟು ಮುಂಬಯಿಯದು. ನೆಪೋಲಿಯನ್ನನ ಕಾಲದ ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಅಭಾವ ಬಂದಾಗ, ಅಲ್ಲಿನ ನೌಕಾಪಡೆಯವರು ನಮ್ಮ ಪಡುವಣ ಸೀಮೆಯ ತೇಗವನ್ನು ನೆಚ್ಚಬೇಕಾಯಿತು. ಹಡಗಿನ ನಕ್ಷೆಗಳನ್ನು ಹೊತ್ತು ಹೊರಟ ‘ಜಾವಾ’ ಎಂಬ ನೌಕೆ ೧೮೧೨ನೆಯ ಇಸವಿ ಡಿಸೆಂಬರಿನಲ್ಲಿ ಅಮೆರಿಕದವರೊಡನೆ ಕಾದಿ ನಾಶವಾದುದರಿಂದ, ಬೇರೆ ನಕ್ಷೆಗಳನ್ನು ಮತ್ತೆ ಕಳುಹಬೇಕಾಯಿತು. ಕಡೆಗೆ ಜಮ್ಸೆಟ್ಜಿ ಬೊಮನ್‌ಜಿ ವಾಡಿಯಾ ಎಂಬ ಪಾರ್ಸಿ ಶಿಲ್ಪಿಯ ಕೈಯಲ್ಲಿ ಸಿದ್ಧವಾಗಿ, ೧೮೧೭ನೆಯ ಇಸವಿ ಅಕ್ಟೋಬರ್ ೧೨ರಂದು ಅದು ನೀರಿಗಿಳಿಯಿತು. ಇನ್ನೂರು ವರ್ಷ ಕಳೆದರೂ ಅದು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ಇಂದಿಗೂ ತೇಲುತ್ತಿದೆ. ನಮ್ಮ ಕಡೆಯ ಮರವೇ ಅಷ್ಟು ಬಾಳಿದೆಯೆಂಬ ಅಭಿಮಾನದಿಂದ ನಾವು ಅದನ್ನಾರಿಸಿಕೊಂಡೆವು.

ಮೂಲಕ್ಕೆ ೬೪ರಲ್ಲಿ ಒಂದು ಪಾಲು ನಮ್ಮ ಅಳತೆ. ೧೫೦ ಅಡಿ ಉದ್ದದ ಫಿರಂಗಿಯಟ್ಟ ನಮ್ಮ ಮೇಜಿನ ಮೇಲೆ ೨೮ ಅಂಗುಲವಾಗುವುದು. ೪೦ ಅಡಿಯ ಅಗಲ ಏಳೂವರೆ ಅಂಗುಲಕ್ಕಿಳಿಯುವುದು. ತೇಗದ ಹಡಗನ್ನು ತೇಗದಿಂದಲೇ ಮಾಡೋಣವೆಂದರೆ ಸಾಗದು. ಇಷ್ಟು ಚಿಕ್ಕ ಅಳತೆಯಲ್ಲಿ ತೇಗದ ಎಳೆ ಒರಟಾಗಿ ಕಾಣುವುದು. ಅದಕ್ಕಾಗಿ ನುಣುಪಾದ ಅರಿಶಿನತೇಗವನ್ನು ತೆಳುವಾಗಿ ಸೀಳಿಸಿ ತಂದೆವು. ತಳದ ತೊಲೆ ಹಡಗಿಗೆ ಬೆನ್ನೆಲುಬು. ಅದಕ್ಕೆ ಪಕ್ಕೆಲುಬುಗಳಂತೆ ಅಡ್ಡಹಲಗೆಗಳನ್ನು ಕೂರಿಸಿ, ಅವುಗಳ ಮೇಲೆ ಪಟ್ಟಿಗಳನ್ನು ಒಂದರ ಪಕ್ಕಕ್ಕೊಂದರಂತೆ ಅಂಟಿಸುತ್ತ ಹೋಗಬೇಕು. ಹಡಗಿಗೆ ಹೊಟ್ಟೆ ದಪ್ಪ, ಮೂತಿ ಸಪೂರ. ಆದುದರಿಂದ ಪ್ರತಿಯೊಂದು ಪಟ್ಟಿಯನ್ನೂ ಮೂತಿಯ ಕಡೆಗೆ ಕಿರಿದಾಗಿ ಹೆರೆದು, ನೀರಿನಲ್ಲಿ ನೆನೆಸಿ, ಕಾವು ಕೊಟ್ಟು ಬಾಗಿಸಬೇಕು. ಅಂಟು ಒಣಗುವ ತನಕ ಅದನ್ನು ಹಿಡಿದಿಡಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ಸಾಕು. ನಮ್ಮ ಮನೆಯಾಕೆಯ ಒಗೆದ ಬಟ್ಟೆಗಳು ಆ ವರ್ಷ ಎಷ್ಟು ಸಲ ಗಾಳಿಗೆ ಹಾರಿದುವೆಂಬುದನ್ನು ಇಲ್ಲಿ ಬರೆಯಲಾರೆವು.

ಮಂಗಳೂರಿನಲ್ಲಿ ಈ ಹುಚ್ಚು ನಮಗೊಬ್ಬರಿಗೇ ಎಂದು ತಿಳಿದಿದ್ದೆವು. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಐವರಾದೆವು: ಒಬ್ಬ ದಂತವೈದ್ಯರು, ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು, ನಾವು, ಮತ್ತು ಹಳೆಯ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸರಕೊಯ್ಯುವ ಮಂಜಿಗಳನ್ನು ದುರಸ್ತಿ ಮಾಡುತ್ತ ಆಯುಸ್ಸನ್ನು ಸವೆಸಿದ ಒಬ್ಬ ಹಿರಿಯ ಬಡಗಿ. ತಿಂಗಳ ಮೊದಲನೆಯ ಆದಿತ್ಯವಾರ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುವೆವು. ಅವರವರ ಹಡಗನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಕೂಸನ್ನೆತ್ತಿಕೊಂಡಂತೆ ತರುವರು. ಗೋಳಿಬಜೆ, ಕಾಫಿ, ಆಮೇಲೆ ಪಂಚೆ ಬಿಚ್ಚಿ ತಿಂಗಳ ಕೆಲಸವನ್ನು ತೋರಿಸುವುದು. ದಂತವೈದ್ಯರು ತಂದುಕೊಟ್ಟ ಹಳೆಯ ಉಪಕರಣಗಳು ನಮ್ಮೆಲ್ಲರಿಗೂ ಉಪಯೋಗಕ್ಕೆ ಬಂದುವು.

ಪಟ್ಟಿ ಹೊದಿಸುವುದರಲ್ಲಿ ಒಂದು ನಿಯಮವುಂಟು. ಎಡಕ್ಕೊಂದು ಅಂಟಿಸಿದರೆ ಬಲಕ್ಕೊಂದು ಅಂಟಿಸಬೇಕು. ಬಾಗಿಸಿದ ಮರ ಎಳೆಯುವುದು. ಎದುರು ಮಗ್ಗುಲಲ್ಲಿ ಅದಕ್ಕೆ ಸಮನಾದ ಎಳೆತವಿಲ್ಲದಿದ್ದರೆ, ಹೆದೆಯೇರಿಸಿದ ಬಿಲ್ಲಿನಂತೆ ತಳದ ತೊಲೆಯೇ ಬಾಗುವುದು. ಇದನ್ನು ನಾವು ಓದಿ ತಿಳಿದಿದ್ದೆವು. ಆದರೆ ಒಂದು ಮಳೆಗಾಲದಲ್ಲಿ, ಹೊರಗೆ ಹೋಗಲು ಎಡೆಯಿಲ್ಲದೆ ಕೈ ಚುರುಕಾಗಿದ್ದಾಗ, ಎಡಮಗ್ಗುಲಿನಲ್ಲಿಯೇ ಹದಿನಾಲ್ಕು ಪಟ್ಟಿಗಳನ್ನು ಅಂಟಿಸಿಬಿಟ್ಟೆವು. ಕೆಲಸ ಅಷ್ಟು ಅಂದವಾಗಿ ಸಾಗುತ್ತಿರಲು ಕೈ ನಿಲ್ಲಿಸುವುದು ಹೇಗೆ? ಆತುರಗಾರನಿಗೆ ಬುದ್ಧಿ ಮಟ್ಟ.

ಸಂಜೆ ದೀಪ ಹಚ್ಚಲು ಬಂದ ಮನೆಯಾಕೆ, “ಇದೇನು, ಇದರ ಮೂತಿ ಸೊಟ್ಟಗಿದೆಯಲ್ಲ?” ಎಂದಳು. “ನೀನು ನಿಂತ ಜಾಗದಿಂದ ಹಾಗೆ ಕಾಣುತ್ತದೆ” ಎಂದೆವು. ಅವಳು ಮಲಗಿದ ಮೇಲೆ ನೂಲು ಹಿಡಿದು ಅಳೆದು ನೋಡಿದೆವು. ಕಾಲು ಅಂಗುಲ ಬಾಗಿತ್ತು. ನಿಜವಾದ ಹಡಗಿನಲ್ಲಿ ಅದು ೧೬ ಅಂಗುಲ!

ಮುಂದೆ ನಾವು ಮಾಡಿದುದೇ ನಾಚಬೇಕಾದ ಕೆಲಸ. ಕೂಟದ ದಿನ ಹಡಗನ್ನು ಗೋಡೆಯ ಪಕ್ಕಕ್ಕೆ ಸರಿಸಿ, ಎಡಮಗ್ಗುಲು ಮಾತ್ರ ಕಾಣುವಂತೆ ಇರಿಸಿದೆವು. ಪಟ್ಟಿಗಳ ನಡುವೆ ಕೂದಲು ತೂರದೆಂದು ಎಲ್ಲರೂ ಹೊಗಳಿದರು. ಹಿರಿಯರು ಎತ್ತಿ ನೋಡಲು ಕೈ ಚಾಚಿದರು. “ಅಂಟು ಇನ್ನೂ ಹಸಿಯಿದೆ” ಎಂದು ತಡೆದೆವು. ಅಂಟು ಒಣಗಿ ಹನ್ನೆರಡು ದಿನವಾಗಿತ್ತು. ಹೇಗೂ ನೀರಿನಡಿಯ ಭಾಗಕ್ಕೆ ತಾಮ್ರದ ತಗಡು ಹೊದಿಸುವುದುಂಟು. ಅದು ಹೊಳೆಯುವಾಗ ಸೊಟ್ಟ ಯಾರ ಕಣ್ಣಿಗೆ ಬಿದ್ದೀತೆಂದು ಸಮಾಧಾನ ಹೇಳಿಕೊಂಡೆವು. ಮರುತಿಂಗಳೂ ಅದೇ ಉಪಾಯ ನಡೆಯಿತು.

ಮೂರನೆಯ ತಿಂಗಳು ಆ ಹುಡುಗಿ ತನ್ನ ಹಡಗಿನ ಪಂಚೆಯನ್ನು ಬಿಚ್ಚಿದಳು. ಮನೆಪಾಠ ಹೇಳಿ ಕೂಡಿಟ್ಟ ಹಣದಿಂದ ಮರ ಕೊಂಡು ಅವಳು ಕಟ್ಟುತ್ತಿದ್ದ ಮೊದಲನೆಯ ಹಡಗು ಅದು. ಎಡಮಗ್ಗುಲಿನಲ್ಲಿ ಆರು ಪಟ್ಟಿಗಳು, ಬಲಮಗ್ಗುಲು ಬರಿದು. “ಸರ್, ನಿಮ್ಮದನ್ನು ನೋಡಿಯೇ ಮಾಡಿದೆ” ಎಂದಳು.

ನಮ್ಮ ಬಾಯಿಂದ ಕ್ಷಣಕಾಲ ಮಾತು ಹೊರಡಲಿಲ್ಲ. ನಮ್ಮ ಮರ, ನಮ್ಮ ಹಡಗು, ನಮ್ಮ ಸೊಟ್ಟ, ಅದನ್ನು ಮುಚ್ಚಿಟ್ಟುಕೊಂಡರೆ ಯಾರಿಗೇನು ನಷ್ಟವೆಂದು ಎಣಿಸಿದ್ದೆವು. ನಷ್ಟ ಅಲ್ಲಿ ಮೇಜಿನ ಮೇಲಿತ್ತು. ಎದ್ದುಹೋಗಿ ನಮ್ಮ ಹಡಗನ್ನು ಗೋಡೆಯಿಂದ ಈಚೆಗೆ ತಿರುಗಿಸಿ, ನಡೆದುದನ್ನೆಲ್ಲ ಹೇಳಿದೆವು. ಹಸಿಯಿರದ ಅಂಟಿನ ವಿಷಯವನ್ನೂ ಹೇಳಿದೆವು.

ಯಾರೂ ನಗಲಿಲ್ಲ. ಹಿರಿಯರು ಹಡಗನ್ನೆತ್ತಿ, ಒಂದು ಕಣ್ಣು ಮುಚ್ಚಿ ಹಿಂದಿನಿಂದ ಮುಂದಕ್ಕೆ ನೋಡಿ, “ನೀರಿಗಿಳಿಸಿದರೆ ಇದು ಒಂದೇ ಮಗ್ಗುಲಿಗೆ ತಿರುಗುತ್ತದೆ, ಮಾರಾಯ್ರೆ” ಎಂದರು.

“ನೀರಿಗಿಳಿಸುವುದಿಲ್ಲವಲ್ಲ” ಎಂದೆವು, ಕಡೆಯ ಆಸೆಯಿಂದ.

“ಹಾಗಾದರೆ ಹಡಗು ಯಾಕೆ? ಗೊಂಬೆ ಸಾಕಲ್ಲ.”

ಅಂಟಿಸಿದ ಪಟ್ಟಿಯನ್ನು ಬಿಡಿಸುವ ಬಗೆಯನ್ನು ದಂತವೈದ್ಯರು ತಿಳಿಸಿದರು. ಐಸೊಪ್ರೊಪೈಲ್ ಸ್ಪಿರಿಟ್ಟನ್ನು ಹತ್ತಿಯಲ್ಲಿ ಅದ್ದಿ ಹಚ್ಚುತ್ತಿದ್ದರೆ ಮರಗೆಲಸದ ಬಿಳಿಯ ಅಂಟು ಮೆಲ್ಲನೆ ಮೆತ್ತಗಾಗುವುದು. ಕಿಟಕಿಗಳನ್ನು ತೆರೆದಿಟ್ಟು, ಒಲೆಯಿಂದಲೂ ದೀಪದಿಂದಲೂ ದೂರ ಕುಳಿತು ಮಾಡಬೇಕಾದ ಕೆಲಸವದು. ಮುಂದಿನ ಆದಿತ್ಯವಾರಗಳಲ್ಲಿ ಹುಡುಗಿ ತನ್ನ ಆರು ಪಟ್ಟಿಗಳನ್ನೂ ನಾವು ನಮ್ಮ ಹದಿನಾಲ್ಕನ್ನೂ ಒಂದೇ ಮೇಜಿನಲ್ಲಿ ಕುಳಿತು ಬಿಡಿಸಿದೆವು. ಅವಳದರಲ್ಲಿ ಒಂದು ಮುರಿಯಿತು, ನಮ್ಮದರಲ್ಲಿ ಒಂಬತ್ತು. ಪಟ್ಟಿಗಳ ಎಳೆತ ತಪ್ಪಿದೊಡನೆ ತೊಲೆ ಅರ್ಧದಷ್ಟು ತಾನಾಗಿಯೇ ನೆಟ್ಟಗಾಯಿತು. ಉಳಿದುದಕ್ಕಾಗಿ ಅದನ್ನು ನೀರಿನಿಂದ ತೇವಮಾಡಿ, ಎರಡು ನೇರವಾದ ಹಲಗೆಗಳ ನಡುವೆ ಬಿಗಿದಿಟ್ಟೆವು. ಮತ್ತೆ ಬಾಗದಿರಲೆಂದು ಅಡ್ಡಹಲಗೆಗಳ ನಡುವೆ ಹಗುರವಾದ ಮರದ ತುಂಡುಗಳನ್ನು ತುಂಬುವುದನ್ನು ಹಿರಿಯರು ತೋರಿಸಿಕೊಟ್ಟರು.

ಇಂಗ್ಲೆಂಡಿನ ಗ್ರೀನಿಚ್ ವಸ್ತುಸಂಗ್ರಹಾಲಯದಲ್ಲಿ ಹದಿನೇಳನೆಯ ಶತಮಾನದಿಂದ ಬಂದ ಕಿರುಹಡಗುಗಳಿವೆ. ೪೮ರಲ್ಲೊಂದು ಪಾಲಿನ ಅಳತೆಯ ಅವುಗಳಲ್ಲಿ ಅನೇಕಕ್ಕೆ ಕೆಳಭಾಗದಲ್ಲಿ ಹಲಗೆ ಹೊದಿಸದೆ, ಪಕ್ಕೆಲುಬುಗಳೆಲ್ಲ ಕಾಣುವಂತೆ ಬಿಟ್ಟಿದ್ದಾರೆ. ಅವುಗಳ ಚಿತ್ರಗಳನ್ನು ನಾವು ಮೊದಲೇ ನೋಡಿ, ಪೂರ್ತಿ ಮಾಡದೆ ಬಿಟ್ಟರೇಕೆಂದು ಕೇಳಿಕೊಂಡಿದ್ದೆವು. ಈಗ ಹಾಗೆ ಕೇಳುವುದಿಲ್ಲ.

ನಮ್ಮ ಕೂಟದಲ್ಲಿ ಈಗೊಂದು ವಾಡಿಕೆ ಬೆಳೆದಿದೆ. ಪಂಚೆ ಬಿಚ್ಚಿದವರು ಮೊದಲು ಆ ತಿಂಗಳು ಕೆಟ್ಟುದನ್ನು ತೋರಿಸುವರು, ಚೆನ್ನಾದುದು ಆಮೇಲೆ. ಹುಡುಗಿಯ ಹಡಗಿಗೆ ಎರಡು ಕೂವೆಮರಗಳೆದ್ದಿವೆ. ಅವಳು ನಮ್ಮನ್ನು ದಾಟಿ ಬಹುದೂರ ಹೋಗಿದ್ದಾಳೆ. ನಮ್ಮದಕ್ಕೆ ಕಳೆದ ತಿಂಗಳಷ್ಟೇ ಎರಡು ಮಗ್ಗುಲಿನ ಹೊದಿಕೆಯೂ ಮುಗಿಯಿತು. ನೂಲು ಹಿಡಿದರೆ ಮೂತಿಯ ಬಳಿ ಕೂದಲೆಳೆಯಷ್ಟು ಓರೆ ಇನ್ನೂ ಉಳಿದಿದೆ. ಬಂದವರಿಗೆ ಅದು ಕಾಣುವುದಿಲ್ಲ. ನಾವೇ ನೂಲು ತಂದು ಹಿಡಿದು ತೋರಿಸುತ್ತೇವೆ.