ಚಂದ್ರಿಯ ಆರೈಕೆ

ಮುಧೋಳ ನಾಯಿಗೆ ಶಸ್ತ್ರಚಿಕಿತ್ಸೆಯಾದಾಗ ಮೊದಲು ಕಾಡುವುದು ಚಳಿ. ಇಂಡಿಯ ಏಪ್ರಿಲ್ ಬಿಸಿಲನ್ನು ಬಲ್ಲ ನೀವು ನಕ್ಕೀರಿ. 2005ರಲ್ಲಿ ಅಂಚೆಚೀಟಿಯನ್ನೇರಿದ ಈ ತಳಿಯ ತೆಳುಮೈಯಲ್ಲಿ ಕೊಬ್ಬು ಅತ್ಯಲ್ಪ. ಅರಿವಳಿಕೆಯ ಅಮಲು ಇಳಿಯುವವರೆಗೆ ದೇಹವು ಶಾಖವನ್ನು ಕಾಯ್ದುಕೊಳ್ಳಲಾರದು. ಕೀವು ತುಂಬಿದ ಗರ್ಭಕೋಶವನ್ನು ತೆಗೆಸಿಕೊಂಡು ಬಂದ ನಮ್ಮ ಎಂಟು ವರ್ಷದ ಚಂದ್ರಿ ಪಡಸಾಲೆಯಲ್ಲಿ ಗಡಗಡ ನಡುಗಿತು. ನನ್ನಾಕೆ ಎಲುಬಿನ ಮೈಗೆ ಕಲ್ಲುನೆಲ ಒತ್ತದಂತೆ ಹಳೆಯ ಕೌದಿಯನ್ನು ಮಡಚಿ ಹಾಸಿ, ಇನ್ನೊಂದನ್ನು ಹೊದಿಸಿದಳು. ಅದು ಉಳಿದೀತೇ ಎಂಬ ಅಳುಕಿನಲ್ಲಿ ಆ ರಾತ್ರಿ ನಾವಿಬ್ಬರೂ ಮಲಗಲಿಲ್ಲ.

ಬೆಳಗಾದೊಡನೆ ಸಲಹೆಗಾರರು ಬಂದರು. ಸಿಂದಗಿಯ ಬೀಗರು ಗಾಯಕ್ಕೆ ಅರಿಸಿನ ಮೆತ್ತಿರೆಂದರು. ಮುದ್ದೇಬಿಹಾಳದ ಅಳಿಯಂದಿರು ತಮ್ಮ ಮಂಡಿನೋವಿನ ಗುಳಿಗೆಯನ್ನೇ ಮುಂದೆ ಚಾಚಿದರು. ಎರಡನ್ನೂ ನಯವಾಗಿ ನಿರಾಕರಿಸಿದೆ. ಪುಡಿ ಮೆತ್ತಿದರೆ ಹೊಲಿಗೆಯ ಕೆಂಪು, ಬಾವು ಕಣ್ಣಿಗೆ ಬೀಳವು. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನಮ್ಮ ಗುಳಿಗೆಗಳು ನಾಯಿಯ ಜಠರದಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಪಶುವೈದ್ಯರು ತೂಕ ನೋಡಿ ಕೊಟ್ಟ ಔಷಧವೇ ಸಾಕು.

ನೆಕ್ಕಿದರೆ ಗಾಯ ಮಾಯುತ್ತದೆಂಬ ನಂಬಿಕೆಯೂ ನಮ್ಮಲ್ಲುಂಟು. ಹೊಲಿಗೆ ಬಿಚ್ಚುವುದೇ ಹೆಚ್ಚು. ಕೊರಳಿಗೆ ಪ್ಲಾಸ್ಟಿಕ್ ಬುಟ್ಟಿ ಕಟ್ಟಿದಾಗ ಚಂದ್ರಿ ಮುನಿಸಿಕೊಂಡು ಗೋಡೆಗೆ ಮುಖ ಮಾಡಿತು. (ಶಾಲೆಯಲ್ಲಿ ಅಂಥ ಮುಖಗಳನ್ನು ಎಷ್ಟು ಕಂಡಿಲ್ಲ!) ಉಣ್ಣುವಾಗ ಮಾತ್ರ, ಎದುರಿಗೆ ಕುಳಿತು, ಬಿಚ್ಚುತ್ತಿದ್ದೆ. ಮೆದುವಾದ ಅನ್ನ, ತುಸು ತುಸುವೇ ನೀರು; ನೊಣ ಕೂರದಂತೆ ಸೊಳ್ಳೆಪರದೆ.

ಐದನೆಯ ದಿನ ನೋವಿಳಿದು ಓಟದ ಹುಚ್ಚು ಮರಳಿದಾಗ ನಿಜವಾದ ಕಷ್ಟ ಆರಂಭವಾಯಿತು. ಮೊಲವನ್ನು ಬೆನ್ನಟ್ಟಲೆಂದೇ ಹುಟ್ಟಿದ ಪ್ರಾಣಿಗೆ ಒಳಗಿನ ಹೊಲಿಗೆ ಇನ್ನೂ ಹಸಿ ಎಂದು ತಿಳಿಸುವುದು ಹೇಗೆ? ಹಗ್ಗ ಹಿಡಿದು ಅಂಗಳದವರೆಗೆ ನಡೆಸುತ್ತಿದ್ದೆ, ಅಷ್ಟೇ. 12ನೆಯ ದಿನ ಹೊಲಿಗೆ ಬಿಚ್ಚಿದ ವೈದ್ಯರು, "ಗುರುಗಳೇ, ಇನ್ನೂ ಕೆಲವು ದಿನ ಹಗ್ಗ ಬಿಡಬೇಡಿರಿ" ಎಂದರು.