ಒಂದು ಕೂಗಿಗೆ ಆಸರಿ

ಸಿದ್ದಾಪುರ ಸೀಮೆಯ ನಮ್ಮ ಮನೆಯಲ್ಲಿ ಆಯಿ ಧರೆಯ ಅಂಚಿಗೆ ಬಂದು ಒಮ್ಮೆ ‘ಕೂ’ ಅಂದರೆ ಆಸರಿ ತಯಾರಾಗಿದೆ, ಕುಡಿಯಲು ಬನ್ನಿ ಎಂದರ್ಥ. ಎರಡು ಕೂ ಅಂದರೆ ಯಾರೋ ನೆಂಟರು ಬಂದಿದ್ದಾರೆ, ಅಂಗಿ ಹಾಕಿಕೊಂಡೇ ಮೇಲೆ ಬರಬೇಕು. ಮೂರು ಕೂಗಿಗೆ ಮಾತ್ರ ಅಪ್ಪಯ್ಯ ಕತ್ತಿ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದ. ತೋಟ ಕೆಳಗೆ ಕಣಿವೆಯಲ್ಲಿ, ಮನೆ ಮೇಲೆ. ಕೆಳಗಿನಿಂದ ಮರುಕೂ ಬರಬೇಕು. ಬರದಿದ್ದರೆ ಆಯಿ ಇನ್ನೊಮ್ಮೆ ಕೂಗುತ್ತಿದ್ದಳು. ಆಗಲೂ ಬರದಿದ್ದರೆ ನನ್ನನ್ನು ಓಡಿಸುತ್ತಿದ್ದಳು.

ತಕರಾರು ಹುಟ್ಟಿದ್ದು ಪಕ್ಕದ ಮನೆಯಿಂದ. ಅವರಲ್ಲಿ ಒಂದು ಕೂ ಅಂದರೆ ದನ ತೋಟಕ್ಕೆ ಹೊಕ್ಕಿದೆ ಎಂದು. ದನಕ್ಕೆ ಬೇಲಿ ಹಾಕಬಹುದು, ದನಿಗೆ ಹಾಕುವುದು ಹೇಗೆ? ಅವರ ದನದ ಕೂಗಿಗೆ ನಮ್ಮ ಅಪ್ಪಯ್ಯ ಕೈಕಾಲು ತೊಳೆದು ಬಂದು ಒಲೆ ಮುಂದೆ ಕೂರುತ್ತಿದ್ದ. ನಮ್ಮ ಆಸರಿಯ ಕೂಗಿಗೆ ಆ ಮನೆಯ ಯಜಮಾನರು ದೊಣ್ಣೆ ಹಿಡಿದು ತೋಟ ಸುತ್ತುತ್ತಿದ್ದರು. ಕೊನೆಗೆ ಒಂದು ಚಳಿಗಾಲದ ರಾತ್ರಿ, ಅಡಿಕೆ ಸುಲಿಯಲು ಮೂರು ಮನೆಯವರು ಸೇರಿದಾಗ, ಮೆಟ್ಟುಗತ್ತಿಗಳ ನಡುವೆ ಪಂಚಾಯಿತಿಯಾಯಿತು. ಮೂರನೆಯ ಮನೆಯವರದು ಬೇರೆಯೇ ವಾದ: ಕೂ ಎಲ್ಲಿಗೆ ಸಾಲುತ್ತದೆ, ಜಾಗಟೆ ಬೇಕು, ಎಷ್ಟು ಹೊಡೆತಕ್ಕೆ ಏನರ್ಥ ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಬೇಕು. ಆಗಲಿ, ಪಟ್ಟಿ ಬರುವ ತನಕ ನಮ್ಮನೆಯ ಕೂಗೇ ನಡೆಯಲಿ ಎಂದು ತೀರ್ಮಾನವಾಯಿತು. ಪಟ್ಟಿ ಬರಲೇ ಇಲ್ಲ.

ಬೆಂಗಳೂರಿಗೆ ಬಂದು ನೆಟ್‌ವರ್ಕ್ ಕಾಯುವ ಕೆಲಸಕ್ಕೆ ಸೇರಿದ ಮೇಲೆ, ಜಗತ್ತೂ ಹೀಗೇ ಕಿತ್ತಾಡಿಕೊಂಡಿತ್ತು ಎಂದು ತಿಳಿಯಿತು. ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಭಾಷೆ. ಎಲ್ಲೋ ಮೂಲೆಯಲ್ಲಿ ಕೂತ ರೌಟರ್ ಬದುಕಿದೆಯೋ ಸತ್ತಿದೆಯೋ ಎಂದು ಕೂತಲ್ಲಿಂದಲೇ ಕೇಳಲು ಎಲ್ಲಕ್ಕೂ ಒಗ್ಗುವ ಮಾತು ಬೇಕಿತ್ತು. 1988ರಲ್ಲಿ ಇಂಟರ್ನೆಟ್ಟಿನ ಹಿರಿಯರು ಕೂತು, ಸದ್ಯಕ್ಕೆ ಎಸ್‌ಎನ್‌ಎಂಪಿ ಎಂಬ ಸರಳ ಪದ್ಧತಿ ಇರಲಿ, ಮುಂದೆ ಸಿಎಂಐಪಿ ಎಂಬ ಭರ್ಜರಿ ಪದ್ಧತಿಗೆ ಹೋಗೋಣ ಎಂದರು. ಸಿಎಂಐಪಿ ನಮ್ಮ ಜಾಗಟೆಯ ಪಟ್ಟಿಯ ದಾರಿಯನ್ನೇ ಹೆಚ್ಚುಕಡಿಮೆ ಹಿಡಿಯಿತು. ‘ಸದ್ಯಕ್ಕೆ’ ಅಂದದ್ದು ಇವತ್ತಿಗೂ ಇದೆ. ಈ ಮಳೆಗಾಲ ಕಳೆದರೆ ಸಾಕೆಂದು ಹಳ್ಳಕ್ಕೆ ಎರಡು ಅಡಿಕೆ ಮರ ಅಡ್ಡ ಹಾಕಿ ಮಾಡಿದ ಸಂಕವನ್ನು ಮೊಮ್ಮಕ್ಕಳೂ ದಾಟುವುದು ನಮ್ಮ ಕಡೆ ಹೊಸತಲ್ಲ. ಮರ ಬದಲಾಗುತ್ತದೆ, ಸಂಕ ಅದೇ. ಎಸ್‌ಎನ್‌ಎಂಪಿಗೂ ಎರಡನೆಯ ಮರ, ಮೂರನೆಯ ಮರ ಬಿದ್ದಿವೆ. ಮೂರನೆಯದರಲ್ಲಿ ಸರಿಯಾದ ಬೀಗ ಬಂತು. ಅದಕ್ಕೂ ಮೊದಲು ಬಹಳಷ್ಟು ಯಂತ್ರಗಳ ಗುಟ್ಟಿನ ಪದವೇ ‘ಪಬ್ಲಿಕ್’ ಎಂದಿತ್ತು! ಬೀಗದ ಕೈಯನ್ನು ತುಳಸಿಕಟ್ಟೆಯ ಮೇಲಿಟ್ಟು ಪೇಟೆಗೆ ಹೋದ ಹಾಗೆ.

ನಮ್ಮ ರಾಜ್ಯಕ್ಕೂ ಈ ದೂರದ ಮಾತುಕತೆಯಲ್ಲಿ ಒಂದು ಪಾಲಿದೆ. ಎಸಿ ಇಲ್ಲದೆ ನಡೆಯುವ, 128 ಲೈನಿನ ಸಿ-ಡಾಟ್ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು 1986ರಲ್ಲಿ, ಕಿತ್ತೂರಿನಲ್ಲಿ. ಫೋನು ನಮ್ಮೂರಿಗೂ ಬಂತು, ಅದರ ಹಿಂದೆಯೇ ಮಿಸ್ಡ್ ಕಾಲೂ ಬಂತು. ಎರಡು ರಿಂಗ್ ಕೊಟ್ಟು ಇಟ್ಟರೆ ಊರು ತಲುಪಿದೆ ಎಂದು ಅರ್ಥ. ಒಂದು ರಿಂಗ್ ಕೊಟ್ಟರೆ ಮನೆಯವರೇ ತಿರುಗಿ ಮಾಡಬೇಕು. 2004ರಲ್ಲಿ ಮನೆಮನೆಯ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಗಳಿಗೆಂದು ಟಿಆರ್-069 ಎಂಬ ಒಪ್ಪಂದ ಬಂದಾಗ ಓದಿ ನಕ್ಕಿದ್ದೆ. ಕಂಪನಿಯ ಸರ್ವರ್ ನೇರ ಒಳಗೆ ನುಗ್ಗುವಂತಿಲ್ಲ. ಒಂದು ಮಿಸ್ಡ್ ಕಾಲ್ ಕೊಡಬೇಕು. ಪೆಟ್ಟಿಗೆಯೇ ತಿರುಗಿ ಕರೆ ಮಾಡಿ, ನಾನು ಇಂಥವನು, ಈಗಷ್ಟೇ ಎದ್ದೆ ಎಂದು ವರದಿ ಒಪ್ಪಿಸುತ್ತದೆ. ಕರೆಯದೆಯೂ ಆಗಾಗ ತಾನಾಗಿ ಫೋನ್ ಮಾಡುವ ನಿಯಮವೂ ಅದರಲ್ಲಿದೆ. ಇಷ್ಟು ವಿಧೇಯ ಮಕ್ಕಳು ನಮ್ಮ ಊರಿನ ಯಾವ ಮನೆಯಲ್ಲೂ ಇಲ್ಲ.

ಅಪ್ಪಯ್ಯ ಹೋದ ಮೇಲೆ ಆಯಿ ಒಬ್ಬಳೇ. ಬೆಂಗಳೂರಿಗೆ ಬಾ ಎಂದರೆ ದನ ಯಾರು ನೋಡುತ್ತಾರೆ ಎನ್ನುತ್ತಾಳೆ. ಊರಿಗೆ ಫೈಬರ್ ಬಂದ ವರ್ಷ ನಾನೇ ಒಂದು ರೌಟರ್ ಒಯ್ದು ಜಗಲಿಯ ಗೋಡೆಗೆ, ಗಡಿಯಾರದ ಕೆಳಗೆ ಕೂರಿಸಿದೆ. ಎಸ್‌ಎನ್‌ಎಂಪಿಯಲ್ಲಿ ಯಂತ್ರ ಇರುವ ಜಾಗ ತುಂಬಲು ಒಂದು ಖಾನೆಯಿದೆ, 255 ಅಕ್ಷರ ಹಿಡಿಯುತ್ತದೆ. ಆದರೆ ಕನ್ನಡ ಹಿಡಿಯುವುದಿಲ್ಲ. ‘ಜಗಲಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದೆ. ಯಂತ್ರದ ಬಗ್ಗೆ ಯಾರನ್ನು ಕೇಳಬೇಕು ಎಂಬುದಕ್ಕೆ ಇನ್ನೊಂದು ಖಾನೆ. ಅಲ್ಲಿ ‘ಆಯಿ’ ಎಂದು ಬರೆದೆ.

ಈಗ ಐದು ನಿಮಿಷಕ್ಕೊಮ್ಮೆ ಬೆಂಗಳೂರಿನಿಂದ ನನ್ನದೊಂದು ಕೂ. ಜಗಲಿಯಿಂದ ಮರುಕೂ. ಬರದಿದ್ದರೆ, ಟವರಿನ ಬ್ಯಾಟರಿ ಮುಗಿಯುವುದರೊಳಗೆ ಅವಸರದಲ್ಲಿ ಫೋನು ಮಾಡುತ್ತೇನೆ.

“ಆಯಿ, ಕರೆಂಟ್ ಹೋತನೇ?”

“ಹೋತು ತಮಾ. ನಿಂಗೆ ಹ್ಯಾಂಗೆ ಗೊತ್ತಾತು?”

“ಆ ಪೆಟ್ಟಿಗೆ ಹೇಳ್ತು.”

“ಅದ್ಕೆ ಬಾಯಿ ಇದ್ದನ? ನಂಗೆಂತೂ ಒಂದ್ ಮಾತೂ ಹೇಳ್ತಿಲ್ಲೆ.”



ಫೈಬರ್ ಪೆಟ್ಟಿಗೆಗೆ ಇನ್ನೊಂದು ವಿದ್ಯೆ ಗೊತ್ತು. ಕರೆಂಟು ಹೋದ ಕ್ಷಣ, ಒಳಗೆ ಕೂಡಿಟ್ಟ ಚೂರು ಶಕ್ತಿಯಲ್ಲಿ ತಂತಿಯ ಆಚೆ ತುದಿಗೆ ‘ನಾನು ಹೊರಟೆ’ ಎಂದು ಹೇಳಿಯೇ ಆರುತ್ತದೆ. ಕೊನೆಯುಸಿರು ಎಂದೇ ಆ ಸಂದೇಶದ ಹೆಸರು. ಕಳೆದ ಆಷಾಢದಲ್ಲಿ ಆಯಿಗೆ ಮೂರು ದಿನ ಜ್ವರ. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇತ್ತು, ನನ್ನ ಕೂಗಿಗೆಲ್ಲ ಮರುಕೂ ಬರುತ್ತಲೇ ಇತ್ತು, ನಾನು ನಿಶ್ಚಿಂತೆಯಾಗಿದ್ದೆ. ಸುದ್ದಿ ಕೊಟ್ಟದ್ದು ಪಕ್ಕದ ಮನೆಯವರು. ಕೇಳಿದರೆ ಆಯಿಯ ಉತ್ತರ ಎಂದಿನದೇ: “ಎಲ್ಲ ಅಡ್ಡಿಲ್ಲೆ.”

ಪಕ್ಕದ ಮನೆಯವರಿಗೆ ಹೇಗೆ ತಿಳಿಯಿತು ಎಂದರೆ, ಅವಳು ಈಗಲೂ ಮಧ್ಯಾಹ್ನ ಆಸರಿ ಹೊತ್ತಿಗೆ ಧರೆಯ ಅಂಚಿಗೆ ಬಂದು ಒಂದು ಕೂ ಹಾಕುತ್ತಾಳಂತೆ. ಮೂರು ದಿನ ಅದು ಕೇಳಿರಲಿಲ್ಲ.

ಯಂತ್ರ ಎಷ್ಟು ಹೊತ್ತಿನಿಂದ ಎಚ್ಚರವಿದೆ ಎಂಬುದನ್ನು ಎಸ್‌ಎನ್‌ಎಂಪಿ ಸೆಕೆಂಡಿನ ನೂರನೆಯ ಒಂದು ಪಾಲಿನ ಲೆಕ್ಕದಲ್ಲಿ ಎಣಿಸುತ್ತದೆ. 497 ದಿನವಾದರೆ ಆ ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ನಮ್ಮ ಜಗಲಿಯ ಪೆಟ್ಟಿಗೆಗೆ ಆ ಭಯವಿಲ್ಲ. ಈಗಷ್ಟೇ ಕೇಳಿದೆ: 6 ಗಂಟೆ 12 ನಿಮಿಷ.